ತಫೂಲಳ ಕೋಲಿನ ಸದ್ದು

ಮರುಭೂಮಿಯ ನಡುವಿನ ಸಮ್ರಾ ಬಾವಿಯ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಪಾಠ ಹೇಳಿದೆನಾದರೂ ಹಾಜರಿ ಪುಸ್ತಕದ ಅಗತ್ಯ ನನಗೆ ಅಷ್ಟಾಗಿ ಬೀಳಲಿಲ್ಲ. ಬೆಳಿಗ್ಗೆ ಆಡುಗಳನ್ನು ಹೊಡೆದುಕೊಂಡು ಶಾಲೆಯ ಮುಂದೆ ಹಾಯುವ ತಫೂಲ್ ಅಂಗಳದ ಮರಳನ್ನೊಮ್ಮೆ ನೋಡಿ, ನಿಲ್ಲದೆಯೇ ಹೇಳಿಬಿಡುತ್ತಿದ್ದಳು.

"ಮೇಷ್ಟ್ರೇ, ಇವತ್ತು ಇಬ್ರು ಬಂದಿಲ್ಲ. ಬರ್ಗಶನ ಎರಡನೇ ಮಗ ಗೇಟಿನವರೆಗೆ ಬಂದು ವಾಪಸ್ ಹೋಗಿದಾನೆ. ನಾಳೆ ಹೊಟ್ಟೆನೋವು ಅಂತಾನೆ, ನಂಬಬೇಡಿ. ಹೊಟ್ಟೆನೋವು ಇರೋನು ಅಷ್ಟುದ್ದ ಹೆಜ್ಜೆ ಹಾಕಲ್ಲ."

ಆಗ ಆಕೆಗೆ ಐವತ್ತು ದಾಟಿತ್ತು. ಗಿಡ್ಡನೆಯ ಹೆಂಗಸು. ಹಣೆಯಿಂದ ಮೇಲ್ದುಟಿಯವರೆಗೆ ನೀಲಿ ಬಟ್ಟೆಯ ಮುಖವಾಡ, ಅದರ ಎರಡು ಸೀಳುಗಳಲ್ಲಿ ಸದಾ ನೆಲವನ್ನೇ ನೋಡುವ ಕಣ್ಣುಗಳು. ನನ್ನ ಮುಖದ ಗುರುತು ಆಕೆಗೆ ಇತ್ತೋ ಇಲ್ಲವೋ, ನನ್ನ ಚಪ್ಪಲಿಯ ಎಡ ಹಿಮ್ಮಡಿ ಸವೆದಿದೆಯೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಏಳನೆಯ ವಯಸ್ಸಿಗೇ ಆಡು ಕಾಯಲು ಹೋದವಳು ಆಕೆ. ಆಕೆಯ ತಾತ ಒಂದೊಂದು ಆಡಿನ ಗೊರಸನ್ನೂ ಒದ್ದೆ ಬೂದಿಯಲ್ಲಿ ಒತ್ತಿ ಇದು ಯಾವುದು, ಅದು ಯಾವುದು ಎಂದು ಕೇಳುತ್ತಿದ್ದನಂತೆ. ತಪ್ಪು ಹೇಳಿದರೆ ಆ ದಿನದ ಖರ್ಜೂರ ಇಲ್ಲ. "ಒಂದು ವಾರ ಖರ್ಜೂರ ತಪ್ಪಿತ್ತು ಅಷ್ಟೇ," ಎನ್ನುತ್ತಿದ್ದಳು.

ಗಂಡ ಮುಸಲ್ಲಮನ ಮುಖ ಕಾಣುವುದಕ್ಕೆ ಮೂರು ವರ್ಷ ಮೊದಲೇ ಆಕೆ ಅವನ ಹೆಜ್ಜೆ ಕಂಡಿದ್ದಳು. ಹೆಬ್ಬೆರಳು ಒಳಕ್ಕೆ ತಿರುಗಿದ, ಹಿಮ್ಮಡಿ ಹಗುರವಾಗಿ ಊರುವ ಪಾದ. ಈ ಪಾದದವನು ಜಂಬದವನು, ಆದರೆ ಮೋಸಗಾರನಲ್ಲ ಎಂದು ಆಗಲೇ ಅನ್ನಿಸಿತ್ತಂತೆ. ಮದುವೆಯಾದ ಮೇಲೆ ಎರಡೂ ನಿಜವೆಂದು ತಿಳಿಯಿತು.

ಜಂಬಕ್ಕೆ ಕಾರಣವೂ ಇತ್ತು: ಮುಸಲ್ಲಮ್ ನಮ್ಮ ಬಯಲಿನ ಹೆಜ್ಜೆಗಾರ, ಹೆಜ್ಜೆ ಗುರುತು ಹಿಡಿದು ಹುಡುಕಿಕೊಡುವವನು. ಬಡಗಲ ಮರಳುಗುಡ್ಡಗಳಿಂದ ಮೂಡಲ ಕಡಲವರೆಗೆ, ನಡುವಿನ ಈ ಜಲ್ಲಿಕಲ್ಲಿನ ಬಯಲಿನಲ್ಲಿ ಯಾರ ಒಂಟೆ ತಪ್ಪಿಸಿಕೊಂಡರೂ, ಯಾರ ಆಡು ಕಳುವಾದರೂ ಜನ ಬರುತ್ತಿದ್ದುದು ಅವನ ಬಿಡಾರಕ್ಕೆ. ಸರ್ಕಾರಿ ಕಚೇರಿಯ ಜೀಪು ಕೂಡ ಅಲ್ಲಿಗೇ ಬರುತ್ತಿತ್ತು. ಮರಳಿನ ಮೇಲೆ ಹೆಜ್ಜೆ ಓದುವವರು ನಮ್ಮಲ್ಲಿ ಹತ್ತಾರು ಜನ ಸಿಕ್ಕಾರು. ಜಲ್ಲಿಯ ಮೇಲೆ ಓದುವವನು ಅವನೊಬ್ಬನೇ ಎಂದು ಎಲ್ಲರೂ ನಂಬಿದ್ದರು. ಅವನು ಹೋಗುವಾಗ ಹಿಂದೆ ಹತ್ತು ಮಾರು ದೂರದಲ್ಲಿ ತಫೂಲ್ ನೀರಿನ ತೊಗಲುಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೋಲೂರುತ್ತ ಬರುತ್ತಿದ್ದಳು. ಮುಸಲ್ಲಮನ ಚಿಕ್ಕಪ್ಪನ ಮಗ ಬರ್ಗಶ್ ಇದನ್ನು ಆಡಿಕೊಳ್ಳುತ್ತಿದ್ದ.

"ಮದುವೆಯಾಗಿ ಮೂವತ್ತು ವರ್ಷ ಆಯ್ತು. ಅಣ್ಣಂಗೆ ಇನ್ನೂ ಹೆಂಡ್ತೀನ ಬಿಟ್ಟಿರಕ್ಕೆ ಆಗಲ್ಲ."

"ನಿನ್ ಹೆಂಡ್ತಿ ನಿನ್ ಜೊತೆ ಬಾವೀವರೆಗೂ ಬರಲ್ಲ," ಎಂದು ಮುಸಲ್ಲಮ್ ತಿರುಗೇಟು ಕೊಡುತ್ತಿದ್ದ. "ನಿಂಗೆ ಹೊಟ್ಟೆಕಿಚ್ಚು."

ಎಲ್ಲರೂ ನಗುತ್ತಿದ್ದರು. ತಫೂಲ್ ನಗುತ್ತಿರಲಿಲ್ಲ. ಅದರ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಕಥೆ ಸರಿಯಾಗಿ ತಿಳಿಯಬೇಕಾದರೆ ಅದನ್ನು ಇಲ್ಲೇ ಹೇಳಬೇಕು. ಮುಸಲ್ಲಮನಿಗೆ ನಾಲ್ಕು ವರ್ಷಗಳಿಂದ ಕಣ್ಣು ಕಾಣುತ್ತಿರಲಿಲ್ಲ. ಮೊದಲು ದೂರದ್ದು ಹೋಯಿತು, ಆಮೇಲೆ ನೆಲವೂ ಹೋಯಿತು. ಬೆಳಕು ಯಾವುದು, ಕತ್ತಲೆ ಯಾವುದು, ಎದುರಿಗೆ ಯಾರೋ ನಿಂತಿದ್ದಾರೆ ಎಂಬಷ್ಟು ಮಾತ್ರ ಉಳಿಯಿತು. ಹೆಜ್ಜೆ ಓದುತ್ತಿದ್ದವಳು ತಫೂಲ್. ಆಕೆಯ ಕೋಲು ನೆಲಕ್ಕೆ ಒಮ್ಮೆ ತಟ್ಟಿದರೆ ಎಡಕ್ಕೆ, ಎರಡು ಸಲ ತಟ್ಟಿದರೆ ಬಲಕ್ಕೆ, ಮೂರು ಸಲ ತಟ್ಟಿದರೆ ನಿಲ್ಲಬೇಕು. ಕೋಲು ಸುಮ್ಮನಿದ್ದರೆ ನೇರ ನಡೆ. ಮುಸಲ್ಲಮ್ ನಿಂತು, ಬಗ್ಗಿ, ಅಂಗೈಯಿಂದ ನೆಲ ಸವರಿ ಯೋಚಿಸುವಾಗ ಆಕೆ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ತುಟಿಯಲ್ಲೇ ಎರಡು ಮಾತು ಹೇಳುತ್ತಿದ್ದಳು. ಅವನು ಎದ್ದು ನಿಂತು ಅದನ್ನೇ ಜೋರಾಗಿ ಸಾರುತ್ತಿದ್ದ. ಈ ಗುಟ್ಟು ತಾನು ಮಣ್ಣಾಗುವವರೆಗೂ ಹೊರಗೆ ಬರಕೂಡದೆಂದು, ಸೈನ್ಯದಲ್ಲಿದ್ದ ಮಗ ಬಖೀತನ ಮೇಲೆ ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಹೆಜ್ಜೆಗಾರನೆಂಬ ಹೆಸರು ಹೋದರೆ ತನ್ನಲ್ಲಿ ಇನ್ನೇನೂ ಉಳಿಯುವುದಿಲ್ಲವೆಂದು ಅವನು ಬಲವಾಗಿ ನಂಬಿದ್ದ.

ಆ ಚಳಿಗಾಲದಲ್ಲಿ ಅವನ ಹಳೆಯ ಸವಾರಿ ಒಂಟೆ ಸತ್ತಿತು. ಎಂಟು ಆಡು ಕೊಟ್ಟು ಕಡಲ ಕಡೆಯ ಒಬ್ಬನಿಂದ ಫರ್ಹಾ ಎಂಬ ಹೆಣ್ಣೊಂಟೆಯನ್ನು ತಂದುಕೊಂಡ. ಅದು ಸ್ವಲ್ಪ ದಿನದ ಹಿಂದೆ, ಕಡಿದಾದ ಬಂಡೆಸಾಲಿನ ಕೆಳಗೆ ಚೌಳು ನೆಲದ ಅಂಚಿನಲ್ಲಿರುವ ಮೂರು ಜಾಲಿ ಮರಗಳ ಹತ್ತಿರ ಕರು ಹಾಕಿತ್ತು. ಕರು ಅಲ್ಲೇ ಸತ್ತಿತು. ಕೊಟ್ಟವನು ಇದಿಷ್ಟನ್ನೂ ಮುಚ್ಚಿಡದೆ ಹೇಳಿಯೇ ಹೋಗಿದ್ದ. ನಮ್ಮಲ್ಲಿಗೆ ಬಂದ ಮೇಲೆ ಪ್ರತಿ ಸಂಜೆ ಆ ಒಂಟೆ ಮೇವು ಮುಟ್ಟದೆ ಮೂಡಲಿಗೆ ಮುಖ ಮಾಡಿ ನಿಲ್ಲುತ್ತಿತ್ತು.

"ಹತ್ತು ದಿನದಲ್ಲಿ ಮರೆಯುತ್ತೆ ಬಿಡು," ಎಂದಿದ್ದ ಮುಸಲ್ಲಮ್.

"ಹೆತ್ತವಳಿಗೆ ಹತ್ತು ದಿನ ಸಾಕಾ?" ಎಂದು ತಫೂಲ್ ಕೇಳಿದ್ದಳು.

ಹನ್ನೆರಡನೆಯ ದಿನ, ಒಂದು ಬುಧವಾರ, ಬೆಳಿಗ್ಗೆ ಬರ್ಗಶ್ ಬಂದ. ಅದು ಕಾವಳದ ತಿಂಗಳು. ಕಡಲಿನಿಂದ ಏಳುವ ದಟ್ಟ ಮಂಜು ಬಯಲನ್ನು ಮುಚ್ಚಿ, ಜಾಲಿ ಮರಗಳಿಂದ ತೊಟ್ಟಿಕ್ಕಿ, ಹೊತ್ತು ಏರುವವರೆಗೂ ಕರಗುತ್ತಿರಲಿಲ್ಲ. ಬರ್ಗಶನ ಮೂರು ಒಂಟೆಗಳು ಪಡುವಲಿಗೆ ತಪ್ಪಿಸಿಕೊಂಡು ಹೋಗಿದ್ದವು. ತಫೂಲಳಿಗೆ ಎರಡು ದಿನದ ಹಿಂದೆ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು ಕಾಲು ಬೂದುಗುಂಬಳದಂತೆ ಊದಿಕೊಂಡಿತ್ತು.

"ನಾಳೆ ಹೋದ್ರಾಯ್ತು," ಎಂದಳು ಗಂಡನಿಗೆ.

"ನಾಳೆ ಅನ್ನೋಷ್ಟರಲ್ಲಿ ಗಾಳಿ ಹೆಜ್ಜೆ ಅಳಿಸುತ್ತೆ," ಎಂದ ಬರ್ಗಶ್. "ಒಂದಿನ ಅತ್ತಿಗೆ ಇಲ್ದೆ ಹೋಗಿ ನೋಡಣ್ಣ, ದಾರಿ ಕಾಣಲ್ವಾ?"

ಅವನು ತಮಾಷೆಗೆ ಆಡಿದ ಮಾತು ಅದು. ಅದನ್ನು ಕೇಳಿದ ಮೇಲೆ ಮುಸಲ್ಲಮನಿಗೆ ಬಿಡಾರದಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಫರ್ಹಾದ ಮೇಲೆ ಜೀನು ಬಿಗಿಯುವಾಗ ಹೆಂಡತಿಗೆ ಮಾತ್ರ ಕೇಳುವಂತೆ ಹೇಳಿದ: "ಹಗ್ಗ ಸಡಿಲ ಬಿಟ್ರೆ ಒಂಟೆ ಮನೆಗೆ ಬರುತ್ತೆ. ಇಷ್ಟು ವರ್ಷ ಬಂದಿಲ್ವಾ? ಸುಮ್ನಿರು."

ಯಾರ ಮನೆಗೆ ಎಂದು ಕೇಳುವುದು ಅವಳ ನಾಲಗೆಯ ತುದಿಯಲ್ಲಿತ್ತು. ಬರ್ಗಶ್ ಎರಡು ಮಾರು ದೂರದಲ್ಲಿ ನಿಂತಿದ್ದ. ಅವಳು ಕೇಳಲಿಲ್ಲ. ಮುಸಲ್ಲಮ್ ಕಾವಳದೊಳಗೆ ಹೋದ.

ಸಂಜೆಗೆ ಬರ್ಗಶನ ಮೂರೂ ಒಂಟೆಗಳು ತಾವಾಗಿಯೇ ಬಾವಿಗೆ ಬಂದವು. ಮುಸಲ್ಲಮ್ ಬರಲಿಲ್ಲ.

ಮರುದಿನ ಗುರುವಾರ, ನಮ್ಮಲ್ಲಿ ಶಾಲೆಗೆ ವಾರದ ರಜೆ. ನಾನು ಬರ್ಗಶನ ಬಿಡಾರದಲ್ಲಿ ಉಳಿದ ಗಂಡಸರೊಡನೆ ಕಾಫಿಗೆ ಕುಳಿತಿದ್ದೆ. ಹೊರಗೆ ಕಾವಳ ಇನ್ನೂ ಕದಲಿರಲಿಲ್ಲ. ಮುಸಲ್ಲಮನ ಮಾತು ಬಂದಿತ್ತು, ಆದರೆ ಯಾರಿಗೂ ಆತಂಕವಿರಲಿಲ್ಲ. ಅಷ್ಟರಲ್ಲಿ ತಫೂಲ್ ಹಿಮ್ಮಡಿಗೆ ಚಿಂದಿ ಸುತ್ತಿಕೊಂಡು, ಕೋಲಿನ ಮೇಲೆ ಭಾರ ಬಿಟ್ಟು ಬಂದು ನಿಂತಳು.

"ಕುಂಟ್ಕೊಂಡು ಯಾಕೆ ಬಂದೆ ಅತ್ತಿಗೆ? ಹೇಳಿ ಕಳಿಸಿದ್ರೆ ಆಗ್ತಿತ್ತು."

"ಪಿಕಪ್ ಹೊರಡಿಸು ಬರ್ಗಶ್. ನಿಮ್ಮಣ್ಣ ಬಂದಿಲ್ಲ."

"ಅಣ್ಣಂಗೆ ದಾರೀಲಿ ಇನ್ಯಾವುದೋ ಹೆಜ್ಜೆ ಸಿಕ್ಕಿರುತ್ತೆ. ಬಡಗಲ ಮರಳಿಗೆ ಹೋಗಿರ್ತಾನೆ. ಅಲ್ಲಿ ಬನ್ನಿ ಮರ ಇದೆ, ನೆರಳಿದೆ, ನೆಂಟರ ಬಿಡಾರ ಇದೆ. ಹೊಟ್ಟೆ ತುಂಬಾ ಮಾಂಸ ತಿಂದು ನಾಳೆ ಬರ್ತಾನೆ."

ಮೂಲೆಯಲ್ಲಿದ್ದ ಒಬ್ಬ ಮುದುಕ ಬಟ್ಟಲು ಅಲ್ಲಾಡಿಸಿ, ಕಾಫಿ ಸಾಕೆಂದು ತಿಳಿಸಿ, "ಹೆಜ್ಜೆಗಾರನ್ನ ಹುಡುಕಕ್ಕೆ ಹೊರಟ್ರು ಅಂತ ಗೊತ್ತಾದ್ರೆ ಅವನು ನಮ್ಮ ಮುಖಕ್ಕೆ ಉಗೀತಾನೆ," ಎಂದ.

ಅದು ಸುಳ್ಳಲ್ಲ. ನಮ್ಮ ಬಯಲಿನಲ್ಲಿ ಹೆಜ್ಜೆಗಾರನನ್ನು ಹುಡುಕಲು ಹೊರಡುವುದು ಅವನನ್ನು ಎಲ್ಲರೆದುರು ಅವಮಾನ ಮಾಡಿದಂತೆ. ಹಿಂದೆ ಹಾಗೆ ಹುಡುಕಿಸಿಕೊಂಡ ಒಬ್ಬ ಮತ್ತೆ ಯಾರ ಬಿಡಾರದಲ್ಲೂ ಕಾಫಿ ಕುಡಿಯದೆ ಸತ್ತ.

"ಉಗಿದ್ರೆ ಒರೆಸ್ಕೊಳ್ಳಿ," ಎಂದಳು ತಫೂಲ್. "ಹೊರಡಿಸು. ಬಡಗಲಿಗೆ ಬೇಡ. ಮೂಡಲಿಗೆ."

"ಮೂಡಲಿಗಾ? ಅವನು ಹೋಗಿದ್ದೇ ಪಡುವಲಿಗೆ. ಮೂಡಲಲ್ಲಿ ಏನಿದೆ? ದಿನವಿಡೀ ಜಲ್ಲಿ, ಆಮೇಲೆ ಬಂಡೆಸಾಲು, ಅದರ ಕೆಳಗೆ ಚೌಳು. ಕಣ್ಣಿರೋನು ಯಾವನು ಅಲ್ಲಿಗೆ ಹೋಗ್ತಾನೆ?"

ಕೋಲು ಹಿಡಿದ ತಫೂಲಳ ಬೆರಳುಗಳ ಗಿಣ್ಣು ಬೆಳ್ಳಗಾದದ್ದನ್ನು ನಾನು ಕಂಡೆ. ಕಾಫಿ ಹಾಕುತ್ತಿದ್ದವನು ಕೂಡ ಕೈ ತಡೆದು ಕಾದ.

"ನಿಮ್ಮಣ್ಣಂಗೆ ಕಣ್ಣಿಲ್ಲ," ಎಂದಳು ಕೊನೆಗೆ.

"ಏನಂದೆ?"

"ನಾಲ್ಕು ವರ್ಷ ಆಯ್ತು. ನೆಲ ಕಾಣಲ್ಲ."

ಬರ್ಗಶ್ ನಗಲು ಹೋಗಿ ನಿಲ್ಲಿಸಿದ. "ಹೋದ ತಿಂಗಳು ನನ್ನ ಆಡು ಕದ್ದೋನ ಹೆಜ್ಜೆ ತೋರ್ಸಿದ್ದು ಯಾರು? ಎಡಗಾಲಲ್ಲಿ ಕಿರುಬೆರಳಿಲ್ಲ ಅಂದ. ಹಿಡಿದು ನೋಡಿದ್ರೆ ಇರ್ಲಿಲ್ಲ."

"ಆಗ ಅವರ ಹಿಂದೆ ನೀರು ಹೊತ್ಕೊಂಡು ಯಾರು ಬರ್ತಿದ್ರು?"

ತಫೂಲ್ ಕೋಲನ್ನು ನೆಲಕ್ಕೆ ಒಮ್ಮೆ ತಟ್ಟಿದಳು. ಸ್ವಲ್ಪ ತಡೆದು ಎರಡು ಸಲ. ಮತ್ತೆ ತಡೆದು ಮೂರು ಸಲ. "ಎಡಕ್ಕೆ. ಬಲಕ್ಕೆ. ನಿಲ್ಲು. ನೀವೆಲ್ಲಾ ಇದನ್ನ ಎಷ್ಟೋ ಸಲ ಕೇಳಿದೀರಿ. ಹೆಂಗಸಿನ ಕೋಲಿನ ಸದ್ದಿಗೆ ಯಾರು ಕಿವಿ ಕೊಡ್ತಾರೆ."

ಆಮೇಲೆ ಮಾತು ಒಂದೇ ಉಸಿರಿಗೆ ಬಂತು. ನಿನ್ನೆ ಮಧ್ಯಾಹ್ನ ಅವರು ಹಗ್ಗ ಸಡಿಲ ಬಿಟ್ಟಿರುತ್ತಾರೆ. ಪಡುವಲಿಗೆ ಹೋದವರು ಮೂಡಲಿಗೆ ಬಂದರೆ ಮನೆ. ಬೆನ್ನಿಗೆ ಬಿಸಿಲು ತಾಗುತ್ತಿರುವಷ್ಟು ಹೊತ್ತೂ ದಾರಿ ಸರಿಯಿದೆಯೆಂದೇ ತಿಳಿದಿರುತ್ತಾರೆ. ಫರ್ಹಾ ನಮ್ಮ ಬಿಡಾರವನ್ನು ದಾಟಿಕೊಂಡು ತನ್ನ ಕರು ಸತ್ತ ಜಾಗಕ್ಕೆ ಹೋಗಿರುತ್ತದೆ. "ಸಂಜೆ ಧೂಳಿನ ಗಾಳಿ ಇತ್ತು. ನಾನು ಒಳಗೆ ಕಾಲು ಹಿಡ್ಕೊಂಡು ಕೂತಿದ್ದೆ. ಕೂಗಿದ್ರೆ ಕೇಳೋಷ್ಟು ದೂರದಲ್ಲೇ ಹಾದು ಹೋಗಿದ್ರೂ ಹೋಗಿರಬಹುದು."

ಬರ್ಗಶನ ಮುಖ ಕೆಂಪಾಗಿತ್ತು. "ನಾಲ್ಕು ವರ್ಷ ನಮ್ಮನ್ನ ಮಂಗ ಮಾಡಿದ್ರಿ ಇಬ್ರೂ."

"ಮಾಡಿದ್ವಿ. ಆಮೇಲೆ ಬೈಯಿ. ತೊಗಲಲ್ಲಿ ಇದ್ದ ನೀರು ನಿನ್ನೆ ಸಂಜೆಗೇ ಮುಗಿದಿರುತ್ತೆ."

ಅವನು ಬಟ್ಟಲನ್ನು ಚಾಪೆಯ ಮೇಲೆ ಬೋರಲು ಹಾಕಿ ಎದ್ದ. ಎಲ್ಲರೂ ಅವಳ ಮಾತನ್ನು ನಂಬಿರಲಿಲ್ಲ. ಇನ್ನೊಂದು ಪಿಕಪ್ ಬಡಗಲಿಗೇ ಹೋಯಿತು. ಮೂಡಲಿಗೆ ಹೊರಟವರು ಮೂವರೇ: ಬರ್ಗಶ್ ಚಾಲಕನ ಜಾಗದಲ್ಲಿ, ಪಕ್ಕದಲ್ಲಿ ಕಿಟಕಿಯಿಂದ ಹೊರಕ್ಕೆ ಬಗ್ಗಿದ ತಫೂಲ್, ಹಿಂದೆ ಎರಡು ನೀರಿನ ಪೀಪಾಯಿಗಳ ನಡುವೆ ನಾನು. ಒಂದರಲ್ಲಿ ನೀರಿತ್ತು, ಇನ್ನೊಂದು ಖಾಲಿ.

ಜಲ್ಲಿಯ ಬಯಲಿನಲ್ಲಿ ಒಂಟೆಯ ಮೆತ್ತನೆಯ ಪಾದ ಗುರುತು ಬಿಡುವುದೇ ಇಲ್ಲ ಎನ್ನಬಹುದು. ಆದರೆ ಫರ್ಹಾ ಹಿಂದಿನ ಎಡಗಾಲನ್ನು ಸ್ವಲ್ಪ ಎಳೆಯುತ್ತಿತ್ತು. ಅಲ್ಲಿ ಕಲ್ಲುಗಳ ಮೇಲ್ಭಾಗ ಬಿಸಿಲಿಗೆ ಬೆಂದು ಕಪ್ಪಾಗಿರುತ್ತದೆ, ತಳ ಬಿಳುಚಿಕೊಂಡಿರುತ್ತದೆ. ಆ ಕಪ್ಪು ಬಯಲಿನಲ್ಲಿ ಬಿಳುಚಿದ ತಳ ಮೇಲಾಗಿ ಬಿದ್ದ ಒಂದು ಕಲ್ಲಿಗಾಗಿ ಆಕೆ ಹುಡುಕುತ್ತಿದ್ದಳು. ಒಂದೂವರೆ ಗಂಟೆ ಏನೂ ಸಿಗಲಿಲ್ಲ. ಕಾವಳ ಕರಗಿ, ಬಿಸಿಲು ಒಮ್ಮೆಗೇ ಮೇಲೆ ಬಿತ್ತು. ಮಧ್ಯಾಹ್ನದ ಗಾಳಿ ಏಳುವುದಕ್ಕೆ ಇನ್ನು ಬಹಳ ಹೊತ್ತಿರಲಿಲ್ಲ.

"ನಿಲ್ಸು."

ಇಳಿದು, ಕುಂಟುತ್ತ ಹೋಗಿ ಒಂದು ಕಲ್ಲನ್ನು ಮುಟ್ಟಿದಳು. ಆಚೆ ಹತ್ತು ಹೆಜ್ಜೆಯಲ್ಲಿ ಇನ್ನೊಂದು.

"ಇದು ನಿನ್ನೇದಾ, ನಮ್ಮ ತಾತನ ಕಾಲದ್ದಾ?" ಎಂದ ಬರ್ಗಶ್. ಕೋಪ ಇನ್ನೂ ಇಳಿದಿರಲಿಲ್ಲ.

"ನಿಮ್ಮ ತಾತ ಇಷ್ಟು ನೆಟ್ಟಗೆ ಯಾವತ್ತು ನಡೆದ? ಗಾಡಿ ಹತ್ತು."

ಮತ್ತೆ ಗುರುತು ತಪ್ಪಿತು. ಮತ್ತೆ ಸಿಕ್ಕಿತು. ಬರ್ಗಶ್ ಎರಡು ಸಲ ಗಾಡಿ ನಿಲ್ಲಿಸಿ ಬಡಗಲ ಕಡೆ ನೋಡಿದ. ನನಗೂ ಒಳಗೊಳಗೇ ಅನುಮಾನವಿತ್ತೆಂದು ಒಪ್ಪಿಕೊಳ್ಳಬೇಕು. ಎರಡು ಕಲ್ಲು ಮಗುಚಿದ್ದನ್ನು ನಂಬಿ ಒಬ್ಬ ಮನುಷ್ಯನ ಪ್ರಾಣಕ್ಕೆ ಬೆನ್ನು ಹಾಕಿ ಹೋಗುತ್ತಿದ್ದೇವೆಯೋ ಏನೋ ಎಂದು ನಾನೂ ಹಿಂದಿರುಗಿ ನೋಡುತ್ತಿದ್ದೆ.

ಒಂಟಿ ಜಾಲಿ ಮರವೊಂದು ಬಂತು. ಅದರ ಬುಡದಲ್ಲಿ ಗಾಳಿ ತಂದು ಹಾಕಿದ ಮರಳು ಹಾಸಿತ್ತು. ತಫೂಲ್ ನಮ್ಮನ್ನು ದೂರ ನಿಲ್ಲಿಸಿ ತಾನೊಬ್ಬಳೇ ಹತ್ತಿರ ಹೋದಳು. ನೋಡಿ, ಬರ್ಗಶನನ್ನು ಮಾತ್ರ ಕರೆದಳು.

ಒಂಟೆ ಮಲಗಿದ್ದ ಗುಳಿ ಅಲ್ಲಿತ್ತು. ಮನುಷ್ಯ ಮಲಗಿದ್ದ ಜಾಗವಿತ್ತು. ಕಾವಳದ ನೀರು ಹೀರಿದ ಶಾಲನ್ನು ಹಿಂಡಿಕೊಂಡ ಕಡೆ ಮರಳು ಹನಿಹನಿಯಾಗಿ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲಿ ಎರಡು ಪಾದ, ಎರಡು ಮೊಣಕಾಲು, ಎರಡು ಅಂಗೈ, ಒಂದು ಹಣೆ ಒತ್ತಿದ ಗುರುತುಗಳಿದ್ದವು. ಆ ಬೆಳಗಿನ ಜಾವದ ಪ್ರಾರ್ಥನೆಯದು. ಪಾದದ ಹೆಬ್ಬೆರಳು ಒಳಕ್ಕೆ ತಿರುಗಿತ್ತು.

ಬರ್ಗಶ್ ಅದನ್ನು ನೋಡುತ್ತ ನಿಂತ. ಪ್ರಾರ್ಥನೆಗೆ ನಾವು ಮುಖ ಮಾಡುವುದು ಪಡುವಲಿಗೆ. ನಮ್ಮ ಬಯಲಿನಲ್ಲಿ ಐದು ವರ್ಷದ ಮಗುವೂ ಅದನ್ನು ತಪ್ಪುವುದಿಲ್ಲ. ಈ ಹಣೆಯ ಗುರುತು ತೆಂಕಲಿಗಿತ್ತು.

"ಅಣ್ಣ..." ಎಂದ ಬರ್ಗಶ್. ಕುಕ್ಕರಗಾಲಿನಲ್ಲಿ ಕುಳಿತು ಆ ಹಣೆಯ ಗುರುತಿನ ಪಕ್ಕದಲ್ಲಿ, ಅದನ್ನು ಮುಟ್ಟದಂತೆ, ಅಂಗೈ ಇಟ್ಟ.

"ಕಾವಳದಲ್ಲಿ ಸೂರ್ಯನ ಬಿಸಿಯೂ ಗೊತ್ತಾಗಿಲ್ಲ," ಎಂದಳು ತಫೂಲ್. "ದೇವರು ದಿಕ್ಕು ನೋಡಿ ಬಿಟ್ಟುಬಿಡಲ್ಲ. ಏಳು."

ಅಲ್ಲಿಂದ ಮುಂದೆ ಬರ್ಗಶ್ ಒಂದು ಎದುರು ಮಾತೂ ಆಡಲಿಲ್ಲ. ಅವಳು ಕೈ ತೋರಿಸಿದತ್ತ ಗಾಡಿ ತಿರುಗಿಸಿದ.

ಆ ಮರದಿಂದ ಮುಂದಕ್ಕೆ ಮುಸಲ್ಲಮ್ ಒಂಟೆ ಏರಿರಲಿಲ್ಲ. ಬಹುಶಃ ಅದು ಮತ್ತೆ ಮಂಡಿಯೂರಲು ಒಪ್ಪಿರಲಿಲ್ಲ. ಹಗ್ಗ ಹಿಡಿದು ಅದರ ಹಿಂದೆ ನಡೆದಿದ್ದ. ಬಂಡೆಸಾಲಿನ ತಲೆಗೆ ಬರುವ ಹೊತ್ತಿಗೆ ಮರಳಿನ ತೇಪೆಗಳಲ್ಲಿ ಒಂಟೆಯ ಹೆಜ್ಜೆಯ ಪಕ್ಕದಲ್ಲಿ ಹಗ್ಗ ಎಳೆದ ಗೆರೆಯಷ್ಟೇ ಕಂಡಿತು. ಒಂಟೆ ಕೈತಪ್ಪಿ ಮುಂದೆ ಹೋಗಿತ್ತು. ಮನುಷ್ಯನ ಹೆಜ್ಜೆ ಅದರ ಹಿಂದೆ, ಮುಗ್ಗರಿಸಿ, ಎದ್ದು, ಬಂಡೆ ಹಿಡಿದು ಕೆಳಕ್ಕೆ ಇಳಿದಿತ್ತು. ಗಾಡಿ ಇಳಿಯುವ ಕಣಿವೆಯನ್ನು ಹುಡು‌ಕಿ ಸುತ್ತಿ ಬರುವಷ್ಟರಲ್ಲಿ ಗಾಳಿ ಎದ್ದಿತ್ತು.

ಮೂರು ಜಾಲಿ ಮರಗಳ ಕೆಳಗೆ ಫರ್ಹಾ ನಿಂತಿತ್ತು. ಕತ್ತು ತಗ್ಗಿಸಿ ಬರಿಯ ನೆಲವನ್ನು ಮೂಸುತ್ತಿತ್ತು. ನಾವು ಬಂದದ್ದಕ್ಕೆ ತಲೆ ಎತ್ತಲೂ ಇಲ್ಲ. ಪಕ್ಕದಲ್ಲಿ ಖಾಲಿ ತೊಗಲು ಬಿದ್ದಿತ್ತು. ಅದರಾಚೆ ಕಡಲವರೆಗೆ ಬೆಳ್ಳಗೆ ಚೌಳು. ಉಪ್ಪಿನ ಹಕ್ಕಳೆ ಕಟ್ಟಿದ ಆ ಬಿಳುಪಿನ ಮೇಲೆ, ಸುಮಾರು ಮುನ್ನೂರು ಹೆಜ್ಜೆ ದೂರದಲ್ಲಿ, ಧೂಳಿನ ನಡುವೆ ಕೋಲು ಹಿಡಿದ ಒಂದು ಆಕೃತಿ ಕಡಲ ಕಡೆಗೆ ನಡೆಯುತ್ತಿತ್ತು.

"ಅಣ್ಣಾ..." ಬರ್ಗಶ್ ಕೂಗಿದ. ಕೂಗು ಬಂಡೆಗೆ ಬಡಿದು ಹಿಂದಿನಿಂದ ಬಂತು. ಆಕೃತಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿ ಮತ್ತೆ ನಡೆಯಿತು. ಹಾರ್ನ್ ಒತ್ತಿದರೂ ಅದೇ ಆಯಿತು. ಗಾಳಿ ಮಾತನ್ನು ಚೂರು ಮಾಡಿ ಹೊತ್ತೊಯ್ಯುತ್ತಿತ್ತು.

ಬರ್ಗಶ್ ಚೌಳಿಗೆ ನುಗ್ಗಿದ. ಐದನೆಯ ಹೆಜ್ಜೆಗೆ ಹಕ್ಕಳೆ ಒಡೆದು ಮೊಣಕಾಲವರೆಗೆ ಹೂತುಹೋದ. ಹಗ್ಗ ಎಸೆದು ಅವನನ್ನು ಎಳೆದುಕೊಂಡೆವು. ಮುಸಲ್ಲಮ್ ಅಷ್ಟು ದೂರ ಹೋಗಿದ್ದು ಅದೃಷ್ಟದಿಂದ. ಕಾವಳದ ತಿಂಗಳಲ್ಲಿ ಆ ನೆಲ ಅಂಗೈ ಅಗಲದಲ್ಲಿ ಗಟ್ಟಿ, ಅಂಗೈ ಅಗಲದಲ್ಲಿ ಕೆಸರು.

ಅಷ್ಟರಲ್ಲಿ ತಫೂಲ್ ಪಿಕಪ್ಪಿನ ಹಿಂಭಾಗಕ್ಕೆ ಹತ್ತಿದ್ದಳು. ಅಲ್ಲಿಂದ ಚಾಲಕ ಕೂರುವ ಕಡೆಯ ಮಾಡಿಗೂ ಹತ್ತಿ ನಿಂತಳು. ಎತ್ತರದಿಂದ ನೆಲದ ಬಣ್ಣ ಓದಬಹುದು. ಹೊಳೆಯುವ ಬಿಳುಪು ಇದ್ದಲ್ಲಿ ಒಣ, ಬೂದು ಬಣ್ಣಕ್ಕೆ ತಿರುಗಿದಲ್ಲಿ ಹಸಿ. ಮುಸಲ್ಲಮನ ಮುಂದೆ, ಇಪ್ಪತ್ತು ಹೆಜ್ಜೆಯಲ್ಲಿ, ಕೆರೆಯಷ್ಟು ಅಗಲದ ಬೂದು ಬಣ್ಣವಿತ್ತು.

"ಮೇಷ್ಟ್ರೇ, ಖಾಲಿ ಪೀಪಾಯಿ ಮೇಲೆ ಕೊಡಿ."

ನಾನೂ ಬರ್ಗಶನೂ ಅದನ್ನು ಎತ್ತಿ ಮಾಡಿನ ಮೇಲೆ ನಿಲ್ಲಿಸಿ ಹಿಡಿದುಕೊಂಡೆವು. ತಫೂಲ್ ತನ್ನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಡಿದಳು. ಮೂರು ಸಲ.

ಆ ಸದ್ದು ಗಾಳಿಯನ್ನು ಸೀಳಿಕೊಂಡು ಹೋಯಿತು. ಮುಸಲ್ಲಮ್ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು, ನಿಂತ.

ಇನ್ನೊಂದು ಪೆಟ್ಟು. ಒಂದೇ. ಎಡಕ್ಕೆ.

ಅವನು ಕದಲಲಿಲ್ಲ.

ಮತ್ತೆ ಒಂದು. ಅವನು ನಮ್ಮ ಕಡೆಗೆ ಮುಖ ತಿರುಗಿಸಿದ್ದ. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಆದರೂ ನೆಟ್ಟಗೆ ನಿಂತ ಆ ರೀತಿಯಲ್ಲೇ ನಮಗೆ ತಿಳಿಯಿತು. ಪೀಪಾಯಿ ಇರುವಲ್ಲಿ ಗಾಡಿ ಇರುತ್ತದೆ. ಗಾಡಿ ಇರುವಲ್ಲಿ ಜನ ಇರುತ್ತಾರೆ. ನಾಲ್ಕು ವರ್ಷ ಯಾರ ಗಮನಕ್ಕೂ ಬಾರದಂತೆ ತಟ್ಟುತ್ತಿದ್ದ ಕೋಲು ಈಗ ಬಯಲಿಗೆಲ್ಲ ಕೇಳುವಂತೆ ಬಡಿಯುತ್ತಿತ್ತು.

"ಯಾಕೆ ಬರ್ತಿಲ್ಲ?" ಎಂದ ಬರ್ಗಶ್.

"ನಾನು ಹೇಳ್ಬಿಟ್ಟೆ ಅಂತ ಗೊತ್ತಾಯ್ತು."

"ಗೊತ್ತಾದ್ರೆ? ಅಲ್ಲೇ ನಿಂತು ಉಪ್ಪಾಗ್ತಾನಾ?"

ತಫೂಲ್ ಮತ್ತೆ ಬಡಿದಳು. ನಿಂತ ಜಾಗದಲ್ಲೇ ಅವನ ಪಾದ ಮೆಲ್ಲಗೆ ಇಳಿಯುತ್ತಿದ್ದುದು ಮೇಲಿನಿಂದ ಅವಳಿಗೆ ಕಾಣುತ್ತಿತ್ತು. ಒಂದು. ತಡೆದು, ಒಂದು. ಮತ್ತೆ ಒಂದು. ಎಷ್ಟು ಸಲವೋ ನಾನು ಎಣಿಸಲಿಲ್ಲ. ಅವಳ ಹಿಮ್ಮಡಿಯ ಚಿಂದಿಯಿಂದ ರಕ್ತ ಮಾಡಿನ ಮೇಲೆ ಇಳಿದು ಗಾಜಿನ ಮೇಲೆ ಸಣ್ಣ ಗೆರೆಯಾಯಿತು. ಕೊನೆಗೆ ಬರ್ಗಶ್ ತಡೆಯಲಾರದೆ ಚಕ್ರ ಬಿಚ್ಚುವ ಕಬ್ಬಿಣ ತಂದು, ಅವಳು ಬಡಿದಾಗ ತಾನೂ ಗಾಡಿಯ ಪಕ್ಕಕ್ಕೆ ಬಡಿಯತೊಡಗಿದ. ಎರಡು ಸದ್ದು, ಒಂದೇ ಲೆಕ್ಕ. ಒಂದು. ಒಂದು.

ತನ್ನ ಹೆಂಡತಿಯದಲ್ಲದ ಆ ಎರಡನೆಯ ಸದ್ದು ಮುಸಲ್ಲಮನಿಗೆ ಕೇಳಿಸಿತು. ಅವನು ತಲೆ ತಗ್ಗಿಸಿದ. ಆಮೇಲೆ ಕಾಲು ಕಿತ್ತು ಎಡಕ್ಕೆ ಇಟ್ಟ.

ಆ ಮುನ್ನೂರು ಹೆಜ್ಜೆಗೆ ಒಂದು ಗಂಟೆ ಹಿಡಿಯಿತು. ನೇರ. ಎರಡು ಪೆಟ್ಟು, ಬಲಕ್ಕೆ. ಮೂರು, ನಿಲ್ಲು. ಉಪ್ಪಿನ ಧೂಳು ಕಣ್ಣಿಗೆ ತುಂಬಿ ತಫೂಲಳಿಗೆ ನೋಟ ಕಟ್ಟಿತು. ನಾನು ಮೇಲೆ ಹತ್ತಿ ಮುಖವಾಡದ ಸೀಳಿಗೆ ನೀರು ಹೊಯ್ದೆ. ಅಷ್ಟು ಹೊತ್ತೂ ಅವನು ಮೂರು ಪೆಟ್ಟಿನ ಮೇಲೆ ನಂಬಿಕೆಯಿಟ್ಟು ನಿಂತಿದ್ದ. ಅರ್ಧ ದಾರಿಯಲ್ಲಿ ಬಿಳುಪೆಂದು ಕಂಡದ್ದೇ ಒಡೆದು ಸೊಂಟದವರೆಗೆ ಇಳಿದ. ಬರ್ಗಶ್ ಕಣ್ಣು ಮುಚ್ಚಿಕೊಂಡ. ತಫೂಲ್ ಮುಚ್ಚಲಿಲ್ಲ. ಎರಡು ಪೆಟ್ಟು, ಮತ್ತೆ ಎರಡು. ಅವನು ಕೋಲನ್ನು ಬಲಕ್ಕೆ ಅಡ್ಡ ಹಾಕಿ, ಅದರ ಮೇಲೆ ಎದೆ ಊರಿ, ತೆವಳಿ ಮೇಲೆ ಬಂದ.

ಅಂಚಿಗೆ ಬಂದಾಗ ಬರ್ಗಶ್ ಅವನನ್ನು ತಬ್ಬಿ ಹಿಡಿದು ನೆಲಕ್ಕೆ ಕೂರಿಸಿದ. ತುಟಿ ಸೀಳಿ ಹೋಗಿತ್ತು. ನೀರನ್ನು ಗುಟುಕು ಗುಟುಕಾಗಿ ಕೊಟ್ಟೆವು.

"ಯಾರ್ಯಾರಿದೀರಿ?" ಎಂದ.

"ನಾನು ಬರ್ಗಶ್. ಮೇಷ್ಟ್ರಿದಾರೆ. ಅತ್ತಿಗೆ."

ಇನ್ನೊಂದು ಗುಟುಕು ನೀರು ಕುಡಿದ. ಆಮೇಲೆ, "ನಿನ್ನ ಒಂಟೆ ಸಿಕ್ವಾ?"

"ಸಿಕ್ವು ಅಣ್ಣ."

"ಹ್ಞೂ," ಎಂದ, ತಾನೇ ಹುಡುಕಿಕೊಟ್ಟವನಂತೆ. ಹೆಂಡತಿಯ ಜೊತೆ ಮಾತಾಡಲಿಲ್ಲ. ತಫೂಲ್ ಅವನ ಕಾಲುಗಳಿಗೆ ಅಂಟಿದ ಉಪ್ಪಿನ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಅವನು ಕಾಲನ್ನು ಎಳೆದುಕೊಂಡ.

ಫರ್ಹಾವನ್ನು ಕರೆತರುವ ಪ್ರಯತ್ನ ಮಾಡಲಿಲ್ಲ. ಅದನ್ನು ಆ ಕಡೆಯ ಜನರಿಗೇ ಬಿಟ್ಟುಕೊಟ್ಟರೆಂದು ಆಮೇಲೆ ಕೇಳಿದೆ.

ಮುಸಲ್ಲಮ್ ನಲವತ್ತು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಅವಳು ಕೊಟ್ಟ ಹಾಲು ಕುಡಿಯುತ್ತಿದ್ದ, ಅವಳು ಹಾಸಿದಲ್ಲಿ ಮಲಗುತ್ತಿದ್ದ, ಮಾತು ಮಾತ್ರ ಇಲ್ಲ. ನಮ್ಮಲ್ಲಿ ಯಾರೂ ಅವನ ಕಣ್ಣಿನ ವಿಷಯ ಎತ್ತಲಿಲ್ಲ. ಬರ್ಗಶ್ ಆಡಿಕೊಳ್ಳುವುದನ್ನು ನಿಲ್ಲಿಸಿದ್ದ. ಅದೇ ಮುಸಲ್ಲಮನಿಗೆ ಹೆಚ್ಚು ನೋವು ಕೊಟ್ಟಿತೆಂದು ನನ್ನ ಎಣಿಕೆ. ತಫೂಲ್ ಶಾಲೆಯ ಮುಂದೆ ಹಾಯುವಾಗ ಮಕ್ಕಳ ಹಾಜರಿ ಹೇಳುವುದನ್ನು ಬಿಟ್ಟಳು. ಒಂದು ದಿನ ನಾನೇ ಕೇಳಿದೆ.

"ಹೇಳಿದ್ದು ಸಾಕಾಗಿದೆ ಮೇಷ್ಟ್ರೇ," ಎಂದಳು.

ನಲವತ್ತೊಂದನೆಯ ದಿನವೋ ನಲವತ್ತೆರಡನೆಯ ದಿನವೋ, ಕಚೇರಿಯ ಜೀಪು ಬಂತು. ಯಾರೋ ಪರ ಊರಿನವರ ಹೆಂಗಸು ಆಡಿನ ಹಿಂಡಿನೊಡನೆ ಹಿಂದಿನ ದಿನದಿಂದ ಕಾಣೆಯಾಗಿದ್ದಳು. ಬಂದ ಅಧಿಕಾರಿ ಹೊಸಬ, ಮುಸಲ್ಲಮನ ಹೆಸರನ್ನು ಕಾಗದದಲ್ಲಿ ಬರೆದುಕೊಂಡು ಬಂದಿದ್ದ. ನಾವೆಲ್ಲ ಬಿಡಾರದ ಸುತ್ತ ನಿಂತಿದ್ದೆವು. ಮುಸಲ್ಲಮನಿಗೆ ಕಣ್ಣಿಲ್ಲವೆಂದು ಅಧಿಕಾರಿಗೆ ಹೇಳುವವರು ಯಾರೂ ಇರಲಿಲ್ಲ. ಏನು ಹೇಳಿದರೂ ಅವನ ಎದುರಿಗೇ ಹೇಳಬೇಕಾಗಿತ್ತು.

ಮುಸಲ್ಲಮ್ ಒಳಗಿನಿಂದ ಬಂದ. ಅಧಿಕಾರಿಯ ಮಾತನ್ನು ಪೂರ್ತಿ ಕೇಳಿದ. ತಫೂಲ್ ಎಂದಿನಂತೆ ತೊಗಲಿಗೆ ನೀರು ತುಂಬಿ ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದಳು. ಅವನು ತಿರುಗಿ, ಕೈ ಚಾಚಿ, ಗಾಳಿಯಲ್ಲಿ ಒಂದೆರಡು ಸಲ ತಡಕಿ, ಅವಳ ಹೆಗಲಿನಿಂದ ತೊಗಲನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

"ನಡಿ ಬಖೀತನಮ್ಮ," ಎಂದ. "ಹೊತ್ತಾಗುತ್ತೆ."

ತಫೂಲ್ ಒಂದು ಕ್ಷಣ ನಿಂತಲ್ಲೇ ನಿಂತಳು. ಆಮೇಲೆ ಅವನನ್ನು ದಾಟಿ ಮುಂದೆ ನಡೆದಳು.

ಅಧಿಕಾರಿಗೆ ಅರ್ಥವಾಗಲಿಲ್ಲ. "ಹೆಜ್ಜೆ ಓದೋರು ಯಾರು?" ಎಂದು ಕೇಳಿದ.

"ನಾನು ನೀರು ಹೊರೋನು," ಎಂದ ಮುಸಲ್ಲಮ್.

ಆ ಹೆಂಗಸು ಅದೇ ಸಂಜೆ ಸಿಕ್ಕಳು. ಅದಾದ ಮೇಲೆ ಒಂಬತ್ತು ವರ್ಷ, ಮುಸಲ್ಲಮ್ ತೀರಿಕೊಳ್ಳುವವರೆಗೆ, ಅವರಿಬ್ಬರು ಹೀಗೆಯೇ ಬಯಲಿಗೆ ಹೋಗುವುದನ್ನು ನಾನು ಶಾಲೆಯ ಕಿಟಕಿಯಿಂದ ನೋಡುತ್ತಿದ್ದೆ. ಆಕೆ ಮುಂದೆ, ಅವನು ತೊಗಲು ಹೊತ್ತು ಹತ್ತು ಮಾರು ಹಿಂದೆ. ಅವನಿಗೆ ಕೇಳಲೆಂದು ಆಕೆ ಕೋಲನ್ನು ಈಗ ಗಟ್ಟಿಯಾಗಿ ತಟ್ಟುತ್ತಿದ್ದಳು. ಬರ್ಗಶ್ ಬಾವಿಯ ಕಟ್ಟೆಯಿಂದ ಕೂಗುತ್ತಿದ್ದ: "ಅಣ್ಣ, ಇನ್ನೂ ಬಿಟ್ಟಿರಕ್ಕೆ ಆಗಲ್ವಾ?" ಮುಸಲ್ಲಮ್ ತಿರುಗಿ ನೋಡದೆ ಕೈಯೆತ್ತಿ, ಆಗಲ್ಲ ಎಂದು ಅಲ್ಲಾಡಿಸುತ್ತಿದ್ದ.